ಕಾಂಟ್ಯಾಕ್ಟರ್ ಮೇಲಿನ ಆಂಪಿಯರ್ ಯಾವುದರ ಲೆಕ್ಕ?

ಬೋರ್‌ವೆಲ್ ಪ್ಯಾನೆಲ್‌ನಲ್ಲಿ ಮೋಟಾರಿಗೆ ಕರೆಂಟ್ ಕೊಡುವ, ಕತ್ತರಿಸುವ ಸ್ವಿಚ್ಚೇ ಕಾಂಟ್ಯಾಕ್ಟರ್. ಅದರ ಕಾಯಿಲಿಗೆ ಕರೆಂಟ್ ಬಂದರೆ ಮ್ಯಾಗ್ನೆಟ್ಟಿನಂತೆ ಎಳೆದು ಬೆಳ್ಳಿಯ ಪಾಯಿಂಟುಗಳನ್ನು ಕೂಡಿಸುತ್ತದೆ. ಆ ಪಾಯಿಂಟ್ ಅಂಟಿ ಹಿಡಿದುಕೊಂಡಿದೆ ಎಂದು ಬರುವವರದ್ದೆಲ್ಲ ಒಂದೇ ಮಾತು: ‘32 ಆಂಪಿಯರಿನದೇ ಹಾಕಿದ್ದೀವಲ್ಲ ಸಾರ್!’ ಸ್ವಾಮಿ, ಆ 32 ನಿಮ್ಮ ಮೋಟಾರಿನ ಲೆಕ್ಕ ಅಲ್ಲ.

ಕಾಂಟ್ಯಾಕ್ಟರಿನ ಪಕ್ಕದಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ಎಸಿ-1 ಎದುರು 32, ಎಸಿ-3 ಎದುರು 18 ಎಂದು ಇರಬಹುದು. ಎರಡೂ ನಿಜವೇ. ಎಸಿ-1 ಹೀಟರಿನಂಥ ಲೋಡಿಗೆ. ಹಾಕಿದಾಗಲೂ ಓಡುವಾಗಲೂ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಒಂದೇ. ಮೋಟಾರ್ ಹಾಗಲ್ಲ, ಅದರ ಲೆಕ್ಕ ಎಸಿ-3. ಪೂರ್ತಿ ವೋಲ್ಟೇಜನ್ನು ಒಮ್ಮೆಲೇ ಕೊಡುವ ನೇರ ಸ್ಟಾರ್ಟರಿನಲ್ಲಿ ಶುರುವಾಗುವ ಕ್ಷಣದಲ್ಲಿ ಆರೇಳು ಪಟ್ಟು ಎಳೆಯುತ್ತದೆ. 15 ಆಂಪಿಯರಿನ ಮೋಟಾರಾದರೆ ಸುಮಾರು 90ರಿಂದ 105. ಪಾಯಿಂಟುಗಳು ಕೂಡುವಾಗ ಒಂದೇ ಏಟಿಗೆ ಕೂರುವುದಿಲ್ಲ, ಸಣ್ಣಗೆ ಪುಟಿಯುತ್ತವೆ. ಅಷ್ಟು ಕರೆಂಟಿನಲ್ಲಿ ಪುಟಿದರೆ ಕಿಡಿ ಹಾರಿ ಬೆಳ್ಳಿಯ ಮೈ ಕರಗುತ್ತದೆ, ಕರಗಿದ್ದು ಆರುವಾಗ ಅಂಟಿಕೊಳ್ಳುತ್ತದೆ. ಹಾಗಾಗಿ ಮೋಟಾರಿಗೆ ನೋಡಬೇಕಾದ್ದು ಎಸಿ-3 ಮಾತ್ರ.

ಪಾಯಿಂಟ್ ಅಂಟಿದರೆ ಸ್ಟಾಪ್ ಬಟನ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ಕರೆಂಟ್ ಮಿತಿ ಮೀರಿದಾಗ ಮೋಟಾರ್ ನಿಲ್ಲಿಸಬೇಕಾದ ಓವರ್‌ಲೋಡ್ ರಿಲೇ ಟ್ರಿಪ್ ಆದರೂ ಅಷ್ಟೇ. ಎರಡೂ ಕತ್ತರಿಸುವುದು ಕಾಯಿಲಿನ ಕರೆಂಟನ್ನು. ಮೋಟಾರಿನ ದಾರಿ ಕೂಡಿಕೊಂಡೇ ಇರುತ್ತದೆ. ರಿಲೇ ಇದೆಯೆಂದು ಧೈರ್ಯವಾಗಿದ್ದವರ ವೈಂಡಿಂಗ್ ಸುಡುವುದು ಹೀಗೂ ಉಂಟು.

ಅಳತೆಯನ್ನು ಎಚ್‌ಪಿ ನೋಡಿ ಅಂದಾಜು ಮಾಡಬೇಡಿ. ಅಷ್ಟೇ ಎಚ್‌ಪಿಯ, ನೆಲದ ಮೇಲಿನ ಮೋಟಾರಿಗಿಂತ ಬೋರ್‌ವೆಲ್ಲಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಸಾಮಾನ್ಯವಾಗಿ ಹೆಚ್ಚು ಎಳೆಯುತ್ತದೆ. ನೇಮ್‌ಪ್ಲೇಟಿನ ಆಂಪಿಯರ್ ಹಿಡಿಯಿರಿ. ಅಲ್ಲಿ 15 ಇದ್ದರೆ ಎಸಿ-3ರಲ್ಲಿ 18 ನಡೆದೀತು, ಆದರೆ ಹಳ್ಳಿಯ ವೋಲ್ಟೇಜಿಗೆ 25ರದ್ದನ್ನೇ ಹಾಕಿಸುವುದು ನನ್ನ ರೂಢಿ. ಓವರ್‌ಲೋಡ್ ರಿಲೇಯನ್ನು ಮಾತ್ರ ನೇಮ್‌ಪ್ಲೇಟಿನ ಆಂಪಿಯರಿಗೇ ಇಡಿ. ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಲ್ಲಿ ಶುರುಮಾಡಿ ಆಮೇಲೆ ಡೆಲ್ಟಾಕ್ಕೆ ಬದಲಾಯಿಸುವ, ಮೂರು ಕಾಂಟ್ಯಾಕ್ಟರಿನ ಸ್ಟಾರ್-ಡೆಲ್ಟಾ ಪ್ಯಾನೆಲ್ಲಿನ ಲೆಕ್ಕ ಬೇರೆ: ಮೇನ್ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳ ಪಾಲಿಗೆ ಲೈನ್ ಕರೆಂಟಿನ ಶೇ. 58, ಸ್ಟಾರ್‌ಗೆ ಶೇ. 33.

ದೊಡ್ಡದು ಹಾಕಿದ ಮೇಲೂ ಅಂಟುತ್ತಿದ್ದರೆ ಕಾಯಿಲನ್ನು ನೋಡಿ. 415 ವೋಲ್ಟಿನ ಮಾಮೂಲಿ ಕಾಯಿಲ್ ಶೇ. 85ರವರೆಗೆ, ಅಂದರೆ ಸುಮಾರು 353 ವೋಲ್ಟಿನ ತನಕ ಸರಿಯಾಗಿ ಎಳೆಯಬೇಕು. ಅದಕ್ಕಿಂತ ಕೆಳಗೆ ಭರವಸೆಯಿಲ್ಲ. ತ್ರೀ ಫೇಸ್ ಬಂದ ಕೂಡಲೇ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಕಾಯಿಲ್ ಬಿಡುತ್ತದೆ, ಲೋಡ್ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಪೆಟ್ಟಿಗೆಯೊಳಗೆ ಟಕಟಕ ಟಕಟಕ. ಒಂದೊಂದು ‘ಟಕ್’ಗೂ ಆ ಆರೇಳು ಪಟ್ಟು ಕರೆಂಟ್ ಹೊಸದಾಗಿ ಪಾಯಿಂಟಿನ ಮೇಲೆ ಬೀಳುತ್ತದೆ. ಇದಕ್ಕೆ ಆನ್-ಡಿಲೇ ಟೈಮರ್, ಅಂದರೆ ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ಕಾದು ಶುರುಮಾಡುವ ಟೈಮರ್, ಹಾಕಿಸಿ. ಒಂದೇ ಟ್ರಾನ್ಸ್‌ಫಾರ್ಮರಿನ ಅಕ್ಕಪಕ್ಕದವರು ಮಾತಾಡಿಕೊಂಡು ಒಬ್ಬರು 30 ಸೆಕೆಂಡ್, ಇನ್ನೊಬ್ಬರು 60, ಮತ್ತೊಬ್ಬರು 90 ಎಂದು ಹಂಚಿಕೊಳ್ಳಿ. ವೋಲ್ಟೇಜ್ ಕಮ್ಮಿಯಾದಾಗ ಪೂರ್ತಿ ನಿಲ್ಲಿಸುವ ರಿಲೇಯೂ ಇರಲಿ.

ಕೆಲವರು ಫೇಸ್ ಮತ್ತು ನ್ಯೂಟ್ರಲ್ ಎರಡೂ ಬೇಕಾಗುವ 230 ವೋಲ್ಟಿನ ಕಾಯಿಲ್ ತಂದು, ನ್ಯೂಟ್ರಲ್ ಸಿಗದೆ ಅರ್ಥಿಂಗಿಗೆ ಕೊಡುತ್ತಾರೆ. ದಯವಿಟ್ಟು ಬೇಡ. ಅರ್ಥಿಂಗ್ ಕಡಿದ ದಿನ ಪೆಟ್ಟಿಗೆಯ ಕಬ್ಬಿಣವೇ ಶಾಕ್ ಹೊಡೆಯುತ್ತದೆ, ಮುಟ್ಟುವುದು ಹೆಚ್ಚಾಗಿ ಒದ್ದೆ ಕೈ.

ಪಾಯಿಂಟ್ ಕಪ್ಪಾಗಿದೆ ಎಂದು ಎಮರಿ ಪೇಪರ್ ಹಿಡಿಯಬೇಡಿ. ಕಪ್ಪು ಸಹಜ, ಉಜ್ಜಿದರೆ ಹೋಗುವುದು ಬೆಳ್ಳಿ. ಗುಳಿ ಬಿದ್ದಿದ್ದರೆ ಮೂರೂ ಫೇಸಿನ ಪಾಯಿಂಟುಗಳನ್ನು, ಸ್ಪ್ರಿಂಗ್ ಸಮೇತ, ಒಟ್ಟಿಗೆ ಬದಲಿಸಿ. ಬರೀ ಗುಂಯ್‌ಗುಡುತ್ತಿದ್ದರೆ ಮ್ಯಾಗ್ನೆಟ್ಟಿನ ಎರಡು ಮೈಗಳ ನಡುವೆ ಅರೆದುಹೋದ ಇರುವೆಗಳಿವೆಯೇ ನೋಡಿ. ಆ ಕೂದಲೆಳೆ ಸಂದಿಯೇ ಕಾಯಿಲ್ ಸುಡಲು ಸಾಕು. ಒಣ ಬಟ್ಟೆಯಲ್ಲಿ ಒರೆಸಿ, ಕೇಬಲ್ ಒಳಬರುವ ತೂತಿನ ಸಂದಿ ಮುಚ್ಚಲು ಗ್ಲ್ಯಾಂಡ್ ಹಾಕಿ. ಆದರೆ ಕೈಹಾಕುವ ಮುಂಚೆ ಮೇನ್ ಇಳಿಸಿ, ಫ್ಯೂಸ್ ಕಿತ್ತು, ಮೂರೂ ಫೇಸನ್ನು ಟೆಸ್ಟರಿನಿಂದ ಮುಟ್ಟಿ ನೋಡಿ. ಸ್ಟಾಪ್ ಬಟನ್ ನಂಬಿ ಪೆಟ್ಟಿಗೆಗೆ ಕೈಹಾಕಬೇಡಿ.