ಮುಟ್ಟಿಗಿಂತ ಮೊದಲೇ ಬರುವ ಅಂಡ

ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳ ಕಿವಿಗೆ ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬೀಳುತ್ತವೆ. ‘ಮುಟ್ಟು ಬರಲಿ, ಆಮೇಲೆ ಗರ್ಭ ತಡೆಯುವ ವಂಕಿಯದೋ ಮಾತ್ರೆಯದೋ ವಿಚಾರ ಮಾಡಿದರಾಯಿತು’ ಎಂಬುದು ಒಂದು. ‘ಬಸಿರು ತೆಗೆಸಿದವಳ ತಲೆ ನೆಟ್ಟಗಿರುವುದಿಲ್ಲ, ಆ ಜೀವದ ಶಾಪ ಬಿಡುವುದಿಲ್ಲ’ ಎಂಬುದು ಇನ್ನೊಂದು. ಎರಡೂ ತಪ್ಪು. ಎರಡನೆಯ ತಪ್ಪು ಮೊದಲನೆಯದನ್ನು ಸಾಕಿ ಬೆಳೆಸುತ್ತದೆ. ಶಾಪಕ್ಕೆ ಹೆದರಿ ಬಾಯಿ ಕಟ್ಟಿಕೊಂಡವಳು ಮುಂದಿನ ಗರ್ಭವನ್ನು ತಡೆಯುವ ಮಾತನ್ನು ಯಾರ ಮುಂದೆ ಎತ್ತಬೇಕು?

ಮೊದಲು ದೇಹದ ವಿಷಯ. ಗರ್ಭ ನಿಂತಿರುವಾಗ ಭ್ರೂಣದ ಹೊರಪದರದಿಂದ ಎಚ್‌ಸಿಜಿ ಎಂಬ ಹಾರ್ಮೋನು ಹರಿಯುತ್ತದೆ. ಅದು ಅಂಡಾಶಯಕ್ಕೆ, ಗರ್ಭವನ್ನು ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ತಯಾರಿಸುತ್ತಲೇ ಇರು ಎಂದು ಅಪ್ಪಣೆ ಕೊಡುತ್ತದೆ. ಪ್ರೊಜೆಸ್ಟರಾನ್ ರಕ್ತದಲ್ಲಿ ತುಂಬಿರುವವರೆಗೆ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಹೊಸ ಅಂಡವನ್ನು ಬೆಳೆಸುವ ಸೂಚನೆ ಕಳಿಸುವುದಿಲ್ಲ. ಗರ್ಭ ಹೊರಬಿದ್ದ ಕೂಡಲೇ ಎಚ್‌ಸಿಜಿ ಇಳಿಯತೊಡಗುತ್ತದೆ, ಅದರ ಬೆನ್ನಿಗೆ ಪ್ರೊಜೆಸ್ಟರಾನ್ ಕುಸಿಯುತ್ತದೆ, ಪಿಟ್ಯುಟರಿಯ ಕೈ ಬಿಡುವಾಗುತ್ತದೆ. ಹೊಸ ಅಂಡ ಬಲಿಯಲು ಶುರು. ಕೆಲವರಲ್ಲಿ ಎಂಟು ಹತ್ತು ದಿನಕ್ಕೇ ಅಂಡ ಬಿಡುಗಡೆಯಾಗುತ್ತದೆ. ಬಹುಪಾಲು ಹೆಣ್ಣುಮಕ್ಕಳಲ್ಲಿ ತಿಂಗಳೊಳಗೆ. ಮುಟ್ಟು ಬರುವುದು ಅಂಡ ಹೊರಬಂದ ಸುಮಾರು ಎರಡು ವಾರದ ನಂತರ.

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಎತ್ತಿದ ದಿನವೇ ಮಾನ್ವಿ ಕಡೆಯ ಕೊನೆಭಾಗದ ಗದ್ದೆಗೆ ನೀರು ಬರುವುದಿಲ್ಲ. ಗಂಗಾವತಿ, ಸಿಂಧನೂರು ದಾಟಿ ಅಲ್ಲಿ ಮಣ್ಣು ಒದ್ದೆಯಾಗುವ ಹೊತ್ತಿಗೆ ಗೇಟು ತೆರೆದು ಎಷ್ಟೋ ದಿನವಾಗಿರುತ್ತದೆ. ಮುಟ್ಟು ಆ ಕೊನೆಯ ಗದ್ದೆ, ಅಂಡ ಬಿಡುಗಡೆ ಆ ಗೇಟು. ಗದ್ದೆ ಒಣಗಿದೆ ಎಂದು ನೋಡಿ ಕಾಲುವೆಯಲ್ಲಿ ನೀರಿಲ್ಲ ಎನ್ನುವ ರೈತ ಯಾರೂ ಇಲ್ಲ. ಮುಟ್ಟು ಬಂದಿಲ್ಲ, ಆದ್ದರಿಂದ ಗರ್ಭ ನಿಲ್ಲದು ಎನ್ನುವವರು ಮಾತ್ರ ಊರಿಗೆ ಹತ್ತು ಮಂದಿ. ಇದರ ಜೊತೆಗೆ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಅಂದರೆ ಗರ್ಭಪಾತವಾದ ಮೊದಲ ವಾರದ ಕೂಡುವಿಕೆಯಿಂದಲೂ ಮತ್ತೆ ಗರ್ಭ ನಿಲ್ಲಬಹುದು.

ಈ ತಪ್ಪು ಲೆಕ್ಕ ಬಾಣಂತನದಿಂದ ಬಂದಿರಬೇಕು. ಎದೆಹಾಲು ಕುಡಿಸುವಾಗ ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನು ಅಂಡವನ್ನು ತಡೆಯುತ್ತದೆ ನಿಜ. ಗರ್ಭಪಾತದ ನಂತರ ಆ ತಡೆ ಇಲ್ಲ.

ಹಾಗಾಗಿ ಗರ್ಭನಿರೋಧಕ ಸಾಧನದ ತೀರ್ಮಾನ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಆಗಬೇಕು. ಶಸ್ತ್ರಕ್ರಿಯೆಯಿಂದ ಗರ್ಭಪಾತವಾಗಿದ್ದರೆ ಸೋಂಕಿಲ್ಲದಾಗ ಅದೇ ದಿನ ವಂಕಿ ಹಾಕಿಸಬಹುದು. ಮಾತ್ರೆಯಿಂದಾಗಿದ್ದರೆ ಗರ್ಭ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಮಾಲಾ-ಎನ್, ಛಾಯಾ ಮಾತ್ರೆ, ನಿರೋಧ್ ಉಚಿತವಾಗಿ ಸಿಗುತ್ತವೆ. ಛಾಯಾ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ, ಸ್ಟೀರಾಯ್ಡ್ ಇಲ್ಲದ ಮಾತ್ರೆ; ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮಾಲಾ-ಎನ್‌ನಂಥ ಹಾರ್ಮೋನಿನ ಮಾತ್ರೆ ತಿಂದಾಗ ಮನಸ್ಸು ಮಂಕಾಗುತ್ತದೆ ಎನ್ನುವವಳ ಮಾತನ್ನು ತಳ್ಳಿಹಾಕಬಾರದು. ವಂಕಿಯಲ್ಲಿ ಇರುವುದು ತಾಮ್ರ, ಹಾರ್ಮೋನು ಇಲ್ಲವೇ ಇಲ್ಲ.

ಆದರೆ ಆಸ್ಪತ್ರೆಗೆ ಹೋಗುವವರೆಷ್ಟು? 2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತಗಳು ಅಂದಾಜು 1.56 ಕೋಟಿ. ನಾಲ್ಕರಲ್ಲಿ ಸುಮಾರು ಮೂರು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಔಷಧ ಅಂಗಡಿಯ ಕೌಂಟರಿನಲ್ಲಿ ಅಂಡದ ಮಾತೂ ಇಲ್ಲ, ಮನಸ್ಸಿನ ಮಾತೂ ಇಲ್ಲ.

ಇನ್ನು ಶಾಪ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಗರ್ಭಪಾತದಿಂದ ಹೆಂಗಸರಿಗಾಗುವ ಹಾನಿಯ ವರದಿ ಕೊಡಿ ಎಂದು ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್, ಎವರೆಟ್ ಕೂಪ್ ಅವರನ್ನು ಕೇಳಿದರು. ಕೂಪ್ ಸ್ವತಃ ಗರ್ಭಪಾತದ ಕಡು ವಿರೋಧಿ. ಆದರೂ 1989ರಲ್ಲಿ, ಇರುವ ಪುರಾವೆಯಿಂದ ಅಂಥ ತೀರ್ಮಾನಕ್ಕೆ ಬರಲಾಗದು ಎಂದು ಪತ್ರ ಬರೆದರು. ತನ್ನ ನಂಬಿಕೆಗಿಂತ ಪುರಾವೆಯನ್ನು ಮೇಲಿಟ್ಟ ಆ ವೈದ್ಯನನ್ನು ನಾನು ಬಹಳ ಗೌರವಿಸುತ್ತೇನೆ. ಗಟ್ಟಿ ಪುರಾವೆ ಬಂದದ್ದು ನಂತರ. ಡೆನ್ಮಾರ್ಕಿನಲ್ಲಿ 1995ರಿಂದ 2007ರವರೆಗೆ ಮೊದಲ ಬಾರಿ ಗರ್ಭಪಾತ ಮಾಡಿಸಿಕೊಂಡ 84,620 ಹೆಣ್ಣುಮಕ್ಕಳ ದಾಖಲೆ ನೋಡಿದಾಗ, ಮನೋವೈದ್ಯರ ಹತ್ತಿರ ಹೋದವರ ಪ್ರಮಾಣ ಗರ್ಭಪಾತಕ್ಕೆ ಮೊದಲು ವರ್ಷಕ್ಕೆ ಸಾವಿರಕ್ಕೆ 14.6, ನಂತರ 15.2. ಹೆಚ್ಚುಕಡಿಮೆ ಅಷ್ಟೇ. ಅಮೆರಿಕದಲ್ಲಿ ಸುಮಾರು ಸಾವಿರ ಮಂದಿಯನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಮೊದಮೊದಲು ಹೆಚ್ಚು ಆತಂಕ ಅನುಭವಿಸಿದವರು ಗರ್ಭಪಾತ ಕೇಳಿಯೂ ಸಿಗದವರು.

ಹಾಗೆಂದು ಯಾರೂ ಅಳುವುದಿಲ್ಲ ಎಂದಲ್ಲ. ನಿರಾಳವೂ ದುಃಖವೂ ಒಂದೇ ಎದೆಯಲ್ಲಿ ಇರಬಲ್ಲವು. ಬಯಸಿದ ಮಗುವನ್ನು ಅಂಗದೋಷದ ಕಾರಣಕ್ಕೆ ಕಳೆದುಕೊಂಡವಳ ಸಂಕಟವೇ ಬೇರೆ. ಮೊದಲೇ ಖಿನ್ನತೆಯಿದ್ದವಳಿಗೆ, ಗಂಡನ ಹೊಡೆತ ತಿನ್ನುವವಳಿಗೆ, ಯಾರಿಗೂ ಹೇಳಲಾಗದೆ ಒಳಗೇ ಬೇಯುವವಳಿಗೆ ಆಸರೆ ಬೇಕು. ಎರಡು ವಾರ ಕಳೆದರೂ ನಿದ್ದೆ, ಊಟ, ಮಾತು ಬೇಡವೆನಿಸಿದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ.

ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಆಗ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿ, ಬಳ್ಳಾರಿ ಮದ್ರಾಸಿನ ಕೈಯಲ್ಲಿ ಇದ್ದವು. ಆ ಕ್ಲಿನಿಕ್ಕಿನ ನೆರಳು ನಮ್ಮ ಅಜ್ಜಿಯರ ಮೇಲೆ ಬೀಳಲಿಲ್ಲ. ಇಂದು ಅಂಥ ನೆಪವಿಲ್ಲ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ. ಸಾಧನ ಕೈಕೊಟ್ಟು ಬಸಿರಾದವಳು ಮದುವೆಯಾದವಳೇ ಆಗಿರಬೇಕೆಂಬ ಷರತ್ತು 2021ರ ತಿದ್ದುಪಡಿಯಲ್ಲಿ ಹೋಯಿತು. ಹೆಸರು ಗುಟ್ಟಾಗಿರಬೇಕು. ವಂಕಿ ಹಾಕಿಸಿಕೊಂಡರಷ್ಟೇ ಗರ್ಭಪಾತ ಎಂಬ ಷರತ್ತಿಗೆ ಕಾನೂನಿನ ಬೆಂಬಲವಿಲ್ಲ. ಒತ್ತಾಯಕ್ಕೆ ಹಾಕಿಸಿಕೊಂಡದ್ದನ್ನು ತೆಗೆಸಿಕೊಳ್ಳುವ ದಾರಿ ಹೆಣ್ಣಿಗೆ ಗೊತ್ತಿರುತ್ತದೆ. ಆಶಾ ಕಾರ್ಯಕರ್ತೆ ವಾರದೊಳಗೆ ಮನೆಗೆ ಹೋಗಿ, ಅತ್ತೆಯ ಎದುರಿನಲ್ಲಿ ಅಲ್ಲ, ಅವಳೊಬ್ಬಳನ್ನೇ ಕೂರಿಸಿಕೊಂಡು ಎರಡು ವಿಷಯ ಕೇಳಬೇಕು: ರಾತ್ರಿ ನಿದ್ದೆ ಬರುತ್ತಿದೆಯೇ, ಯಾವ ಸಾಧನ ಬೇಕೆನಿಸಿದೆ.