ಒಳ್ಳೆಯ ಲೇಖನವನ್ನು ಹಂಚಿದರೂ ಯಾರೂ ತೆರೆದು ನೋಡುವುದಿಲ್ಲವೇಕೆ?

ಪ್ರಶ್ನೆ: ಓದಿ ಮೆಚ್ಚಿದ ಲೇಖನಗಳನ್ನೂ ವಿಡಿಯೊಗಳನ್ನೂ ನಾನು ಸ್ನೇಹಿತರ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತಿರುತ್ತೇನೆ. ಬೇರೆ ಬೇರೆ ಊರುಗಳಿಂದ ಕೆಲಸ ಮಾಡುವ ನಮ್ಮ ಕಚೇರಿಯ ತಂಡದ ಚಾಟ್‌ನಲ್ಲಿಯೂ ಉಪಯುಕ್ತವೆನಿಸಿದ್ದನ್ನು ಹಾಕುತ್ತೇನೆ. ಎರಡೂ ಕಡೆ ಹೆಚ್ಚಿನವರು ಏನೂ ಹೇಳುವುದಿಲ್ಲ. ಈಚೆಗೆ ಸಹೋದ್ಯೋಗಿಯೊಬ್ಬರು ‘ಇದನ್ನು ನಾನು ಓದಲೇಬೇಕೆ?’ ಎಂದು ಕೇಳಿದರು. ಹಂಚಿಕೊಳ್ಳುವುದನ್ನೇ ನಿಲ್ಲಿಸಬೇಕೆ, ಅಥವಾ ಹಂಚುವ ರೀತಿಯನ್ನು ಬದಲಿಸಬೇಕೆ?

ಉತ್ತರ: ನಿಲ್ಲಿಸುವ ಅಗತ್ಯವಿಲ್ಲ, ರೀತಿಯನ್ನು ಬದಲಿಸಿದರೆ ಸಾಕು. ನಿಮ್ಮ ಸಹೋದ್ಯೋಗಿ ಕೇಳಿದ ಮಾತಿನಲ್ಲಿಯೇ ಉತ್ತರದ ಬಹುಪಾಲು ಇದೆ. ನೀವು ಕಳುಹಿಸುವ ಪ್ರತಿಯೊಂದು ಲಿಂಕ್ ಇನ್ನೊಬ್ಬರ ಸ್ವಲ್ಪ ಸಮಯವನ್ನು ಕೇಳುತ್ತದೆ. ಎಷ್ಟು ಸಮಯ ಬೇಕು, ಯಾತಕ್ಕಾಗಿ ಬೇಕು, ಕೊಡದಿದ್ದರೆ ಏನಾದರೂ ತಪ್ಪಿಹೋಗುತ್ತದೆಯೇ ಎಂಬುದು ಲಿಂಕ್‌ನಿಂದ ತಿಳಿಯುವುದಿಲ್ಲ. ಅದನ್ನು ಕಳುಹಿಸಿದವರೇ ಎರಡು ಸಾಲಿನಲ್ಲಿ ಬರೆಯಬೇಕು. ಬರೆಯದಿದ್ದರೆ ಹತ್ತು ಜನರ ಗುಂಪಿನಲ್ಲಿ ಹತ್ತೂ ಜನ ಅದನ್ನು ತಾವೇ ಊಹಿಸಿಕೊಳ್ಳಬೇಕಾಗುತ್ತದೆ. ದಿನವಿಡೀ ಇಂತಹ ಲಿಂಕ್‌ಗಳನ್ನು ಕಾಣುವವರು ಆ ಗೋಜಿಗೆ ಹೋಗದೆ ಮುಂದಕ್ಕೆ ಸರಿಯುತ್ತಾರೆ.

ಸ್ನೇಹಿತರಿಗೆ ಕಳುಹಿಸುವುದಕ್ಕೂ ಸಹೋದ್ಯೋಗಿಗಳಿಗೆ ಕಳುಹಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಹುಟ್ಟುತ್ತದೆ. ಸ್ನೇಹಿತರು ನಿಮ್ಮ ಲಿಂಕನ್ನು ತೆರೆಯದೆ ಬಿಟ್ಟರೆ ಅವರಿಗೆ ಯಾವ ನಷ್ಟವೂ ಆಗದು. ಸಹೋದ್ಯೋಗಿಗೆ ಆ ನಿಶ್ಚಿಂತೆ ಇಲ್ಲ. ಮುಂದಿನ ಸಭೆಯಲ್ಲಿ ಇದರ ಬಗ್ಗೆ ಕೇಳಬಹುದೇನೋ, ಕೆಲಸದ ವಿಧಾನ ಬದಲಾಗುತ್ತಿದೆಯೇನೋ ಎಂಬ ಅನುಮಾನ ಅವರ ಮನಸ್ಸಿನಲ್ಲಿ ಉಳಿಯುತ್ತದೆ, ಮತ್ತು ಕಳುಹಿಸಿದವರು ಹುದ್ದೆಯಲ್ಲಿ ಮೇಲಿನವರಾಗಿದ್ದರೆ ಆ ಅನುಮಾನ ಇನ್ನೂ ಹೆಚ್ಚು. ಒಂದೇ ಕಚೇರಿಯಲ್ಲಿದ್ದರೆ ಪಕ್ಕದ ಮೇಜಿಗೆ ಹೋಗಿ ‘ಇದು ಮುಖ್ಯವೇ?’ ಎಂದು ಕೇಳಿ ಬರಬಹುದಿತ್ತು. ದೂರದಲ್ಲಿ ಕುಳಿತವರಿಗೆ ಪರದೆಯ ಮೇಲಿನ ಅಕ್ಷರಗಳ ಹೊರತು ಬೇರೆ ಯಾವ ಸುಳಿವೂ ಸಿಗುವುದಿಲ್ಲ.

ಆದ್ದರಿಂದ ತಂಡಕ್ಕೆ ಕಳುಹಿಸುವಾಗ ಓದುವುದು ಕಡ್ಡಾಯವೇ ಅಲ್ಲವೇ ಎಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ‘ತುಂಬಾ ಉಪಯುಕ್ತ ವರದಿ, ಎಲ್ಲರೂ ನೋಡಿ’ ಎಂದು ಬರೆದು 42 ಪುಟಗಳ ಕಡತವನ್ನು ಹಾಕಿದರೆ ಅದನ್ನು ತೆರೆಯುವವರು ಅಪರೂಪ. ಅದೇ ವಿಷಯವನ್ನು ಹೀಗೆ ಬರೆಯಬಹುದು: ‘ಗ್ರಾಹಕರ ದೂರುಗಳ ವರದಿ ಬಂದಿದೆ. ಬಿಲ್ಲಿಂಗ್ ನೋಡಿಕೊಳ್ಳುವ ಇಬ್ಬರು 17ನೇ ಪುಟದ ಕೋಷ್ಟಕವನ್ನು ಗುರುವಾರದೊಳಗೆ ನೋಡಿ, ಅಂಕಿಗಳು ಸರಿಯಿವೆಯೇ ಎಂದು ಇದೇ ಥ್ರೆಡ್‌ನಲ್ಲಿ ತಿಳಿಸಿ. ಉಳಿದವರು ಓದಬೇಕಾಗಿಲ್ಲ, ಹಣ ವಾಪಸಾತಿ ತಡವಾಗುತ್ತಿರುವುದೇ ಮುಖ್ಯ ದೂರು ಎಂಬುದಷ್ಟು ಗೊತ್ತಿದ್ದರೆ ಸಾಕು.’ ಇದನ್ನು ಬರೆಯಲು ಎರಡು ನಿಮಿಷ ಹಿಡಿಯಬಹುದು. ಆದರೆ ಯಾರು, ಯಾವ ಪುಟ, ಯಾವಾಗಿನೊಳಗೆ, ಉತ್ತರ ಎಲ್ಲಿ ಎಂಬ ನಾಲ್ಕೂ ಪ್ರಶ್ನೆಗಳು ಅಲ್ಲಿಯೇ ತೀರುತ್ತವೆ. ‘ಉಳಿದವರು ಓದಬೇಕಾಗಿಲ್ಲ’ ಎಂಬ ಮಾತನ್ನು ಬರೆಯಲು ಬಹಳ ಜನ ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಸಂದೇಶದಲ್ಲಿ ಅತ್ಯಂತ ಸೌಜನ್ಯದ ವಾಕ್ಯ ಅದೇ. ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಮೂರು ತಿಂಗಳ ನಂತರ ಯಾರಾದರೂ ಚಾಟ್‌ನಲ್ಲಿ ‘ವಾಪಸಾತಿ’ ಎಂದು ಹುಡುಕಿದಾಗ ಈ ಸಂದೇಶ ಸಿಗುತ್ತದೆ, ಬರಿಯ ಲಿಂಕ್ ಆಗಿದ್ದರೆ ಸಿಗುತ್ತಿರಲಿಲ್ಲ.

ಹೊತ್ತಿನ ವಿಚಾರವೂ ಇದೆ. ನಿಮಗೆ ಹಗಲಾದಾಗ ತಂಡದ ಇನ್ನೊಬ್ಬರಿಗೆ ನಡುರಾತ್ರಿ ಇರಬಹುದು. ಕಚೇರಿ ತಂಡಗಳು ಮಾತುಕತೆಗೆ ಬಳಸುವ ಸ್ಲ್ಯಾಕ್‌ನಂತಹ ಸಾಧನಗಳಲ್ಲಿ ‘ಹಿಯರ್’ (@here) ಎಂದು ಕರೆದರೆ ಆ ಕ್ಷಣ ಸಕ್ರಿಯರಾಗಿರುವವರಿಗೆ ಮಾತ್ರ ಸೂಚನೆ ಹೋಗುತ್ತದೆ, ‘ಚಾನೆಲ್’ (@channel) ಎಂದು ಕರೆದರೆ ಆ ಚಾನೆಲ್‌ನ, ಅಂದರೆ ಆ ಚರ್ಚಾಗುಂಪಿನ, ಎಲ್ಲ ಸದಸ್ಯರಿಗೂ ಹೋಗುತ್ತದೆ; ಓದಲು ಚೆನ್ನಾಗಿದೆ ಎಂಬ ಕಾರಣಕ್ಕೆ ಕಳುಹಿಸುವ ಲೇಖನಕ್ಕೆ ಇವೆರಡೂ ಬೇಡ. ಸ್ಲ್ಯಾಕ್‌ನಲ್ಲಿಯೂ ಜಿಮೇಲ್‌ನಲ್ಲಿಯೂ ಸಂದೇಶವನ್ನು ಮುಂದಿನ ಹೊತ್ತಿಗೆ ನಿಗದಿಪಡಿಸಿ ಕಳುಹಿಸುವ ಅನುಕೂಲವಿದೆ, ಅದನ್ನು ಬಳಸಬಹುದು.

ಸ್ನೇಹಿತರ ವಿಷಯಕ್ಕೆ ಬಂದರೆ ನನ್ನ ಮೊದಲ ಸಲಹೆ, ಗುಂಪಿಗೆ ಕಳುಹಿಸುವ ಮುನ್ನ ‘ಇದನ್ನು ಓದುವಾಗ ನನಗೆ ನೆನಪಾದವರು ಯಾರು?’ ಎಂದು ಕೇಳಿಕೊಳ್ಳಿ ಎಂಬುದು. ಒಬ್ಬರೇ ನೆನಪಾದರೆ ಅವರೊಬ್ಬರಿಗೇ ಕಳುಹಿಸಿ. ‘ನಿನ್ನ ಟೊಮೆಟೊ ಗಿಡದ ಎಲೆ ಸುರುಟಿಕೊಳ್ಳುತ್ತಿದೆ ಎಂದಿದ್ದೆಯಲ್ಲ, ಈ ವಿಡಿಯೊದಲ್ಲಿ ಆರನೇ ನಿಮಿಷದಿಂದ ಅದನ್ನೇ ತೋರಿಸುತ್ತಾರೆ, ಹಿಂದಿನದನ್ನು ಬಿಟ್ಟರೂ ನಡೆಯುತ್ತದೆ’ ಎಂಬ ಸಂದೇಶವನ್ನು ಯಾರೂ ತೆರೆಯದೆ ಬಿಡುವುದಿಲ್ಲ, ಏಕೆಂದರೆ ತಾನು ಹಿಂದೆ ಹೇಳಿದ ಮಾತನ್ನು ಇನ್ನೊಬ್ಬರು ನೆನಪಿಟ್ಟುಕೊಂಡಿದ್ದಾರೆ ಎಂಬ ಸಂತೋಷ ಅದರಲ್ಲಿದೆ. ಯೂಟ್ಯೂಬ್‌ನಲ್ಲಿ ಹಂಚುವ ಮುನ್ನ ವಿಡಿಯೊ ಎಲ್ಲಿಂದ ಆರಂಭವಾಗಬೇಕು ಎಂದು ಗುರುತಿಸುವ ಸೌಲಭ್ಯವೂ ಇದೆ. ಗುಂಪಿಗೆ ಬಂದ ಲಿಂಕ್ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲವಾದ್ದರಿಂದ ಉತ್ತರಿಸುವ ಹೊಣೆ ಯಾರದೂ ಆಗುವುದಿಲ್ಲ. ನೀವು ಕಂಡ ಮೌನಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು, ಅದನ್ನು ತಿರಸ್ಕಾರವೆಂದು ಭಾವಿಸಬೇಡಿ.

ಎರಡೂ ಕಡೆ ಅನ್ವಯಿಸುವ ನಿಯಮವೊಂದಿದೆ: ಪೂರ್ತಿ ಓದದೆ ಹಂಚಬಾರದು. ಇದು ತೀರಾ ಸಾಮಾನ್ಯ ಮಾತೆನಿಸಿದರೂ ಪಾಲನೆ ಕಡಿಮೆ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ಟ್ವಿಟರ್‌ನಲ್ಲಿ ಹಂಚಲಾದ ಸುದ್ದಿ ಲಿಂಕ್‌ಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಶೇ 59ರಷ್ಟನ್ನು ಯಾರೂ ಒಮ್ಮೆಯೂ ಕ್ಲಿಕ್ ಮಾಡಿರಲಿಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇನ್ನೂ ಕಳವಳಕಾರಿ: ಟ್ವಿಟರ್‌ನಲ್ಲಿ ಸುಳ್ಳು ಸುದ್ದಿಯು ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚಿತ್ತು, ಮತ್ತು ಅದಕ್ಕೆ ಯಂತ್ರಚಾಲಿತ ಖಾತೆಗಳಿಗಿಂತ ಮನುಷ್ಯರೇ ಕಾರಣರಾಗಿದ್ದರು. ಹೊಸತೆನಿಸಿ ಬೆರಗು ಹುಟ್ಟಿಸುವ ವಿಷಯವನ್ನು ತಕ್ಷಣ ಇತರರಿಗೆ ಹೇಳಬೇಕೆನಿಸುವುದು ಸಹಜ. ಆ ಆತುರವೇ ಸುಳ್ಳಿಗೆ ದಾರಿ ಮಾಡಿಕೊಡುತ್ತದೆ. ವಾಟ್ಸಾಪ್ 2019ರಲ್ಲಿ ಜಗತ್ತಿನಾದ್ಯಂತ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು, 2020ರಲ್ಲಿ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದೆಂದು ಬಿಗಿಗೊಳಿಸಿತು. ಹಾಗೆ ಹಲವು ಕೈ ದಾಟಿದೆ ಎಂದು ತಿಳಿಸುವ ಜೋಡಿ ಬಾಣದ ಗುರುತಿರುವ ಸಂದೇಶ ಬಂದರೆ ಮೂಲವನ್ನು ನೀವೇ ಹುಡುಕಿ, ಸಿಕ್ಕರೆ ಆ ಮೂಲವನ್ನೇ ಕಳುಹಿಸಿ, ಸಿಗದಿದ್ದರೆ ಕಳುಹಿಸದಿರಿ.

ಇಲ್ಲಿಯವರೆಗೆ ಹೇಳಿದ್ದು ಸಾರ್ವಜನಿಕವಾಗಿ ಪ್ರಕಟವಾದ ಬರಹ ಮತ್ತು ವಿಡಿಯೊಗಳ ಬಗ್ಗೆ. ಇನ್ನೊಬ್ಬರಿಗೆ ಸೇರಿದ್ದನ್ನು ಹಂಚುವಾಗ ಎಚ್ಚರ ಹೆಚ್ಚಬೇಕು. ಒಬ್ಬರು ನಿಮಗೆ ಖಾಸಗಿಯಾಗಿ ಬರೆದದ್ದರ ಸ್ಕ್ರೀನ್‌ಶಾಟ್ ಅನ್ನು ಅವರನ್ನು ಕೇಳದೆ ಮತ್ತೊಂದು ಗುಂಪಿಗೆ ಹಾಕುವುದು, ಅದು ಹೊಗಳಿಕೆಯೇ ಆಗಿದ್ದರೂ, ತಪ್ಪು. ಅವರು ಆ ಮಾತನ್ನು ನಿಮ್ಮನ್ನು ನಂಬಿ ಆಡಿದ್ದರು, ಆ ಗುಂಪನ್ನಲ್ಲ. ಸ್ಕ್ರೀನ್‌ಶಾಟ್‌ಗೆ ಬೇರೊಂದು ಕೊರತೆಯೂ ಇದೆ: ದೃಷ್ಟಿದೋಷವುಳ್ಳವರು ಬಳಸುವ, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದೊಳಗಿನ ಅಕ್ಷರಗಳು ಬಹಳ ಸಲ ದಕ್ಕುವುದಿಲ್ಲ, ಹಾಗಾಗಿ ಪಠ್ಯವನ್ನು ಪಠ್ಯವಾಗಿಯೇ ಕಳುಹಿಸುವುದು ಮೇಲು. ಫೋನಿನಲ್ಲಿ ತೆಗೆದ ಫೋಟೊದ ಕಡತದಲ್ಲಿ ತೆಗೆದ ಸಮಯವೂ, ಲೊಕೇಶನ್ ಆನ್ ಆಗಿದ್ದರೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಕವಾಗಿರುತ್ತವೆ. ಆ ಕಡತವನ್ನು ಇಮೇಲ್‌ಗೆ ಲಗತ್ತಿಸಿದಾಗ ಅವೂ ಜೊತೆಗೆ ಹೋಗಬಹುದು.

ತಂಡದ ಕಡತಗಳಲ್ಲಿ ಅನುಮತಿಯನ್ನು ನೋಡದೆ ಕಳುಹಿಸುವುದು ನಿತ್ಯದ ತೊಂದರೆ. ಗೂಗಲ್ ಡಾಕ್ಸ್‌ನ ಲಿಂಕನ್ನು ಅನುಮತಿ ಕೊಡದೆ ಕಳುಹಿಸಿದರೆ, ಬೇರೆ ಕಾಲವಲಯದಲ್ಲಿರುವ ಸಹೋದ್ಯೋಗಿ ಅದನ್ನು ತೆರೆಯುವ ಹೊತ್ತಿಗೆ ನೀವು ಮಲಗಿರುತ್ತೀರಿ, ಅವರ ಒಂದು ದಿನ ವ್ಯರ್ಥವಾಗುತ್ತದೆ. ಅದಕ್ಕೆ ಹೆದರಿ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯನ್ನು ಕೊಟ್ಟರೆ ಆ ಲಿಂಕ್ ಎಲ್ಲಿಗೆ ತಲುಪುತ್ತದೋ ಅಲ್ಲೆಲ್ಲ ಕಡತ ತೆರೆದುಕೊಳ್ಳುತ್ತದೆ. ಹೆಸರು ಹೆಸರಾಗಿ ಅನುಮತಿ ಕೊಡಿ, ಓದುವುದಷ್ಟೇ ಬೇಕಾದವರಿಗೆ ತಿದ್ದುವ ಅಧಿಕಾರ ಕೊಡಬೇಡಿ, ಮತ್ತು ಕಳುಹಿಸುವ ಮುನ್ನ ಖಾತೆಯಿಂದ ಹೊರಬಂದ ಬ್ರೌಸರ್ ಕಿಟಕಿಯಲ್ಲಿ ಲಿಂಕನ್ನೊಮ್ಮೆ ತೆರೆದು, ಹೊರಗಿನವರಿಗೆ ಅದು ಕಾಣುತ್ತದೆಯೇ ಎಂದು ನೋಡಿ.

ಇಷ್ಟಾದರೂ ಒಮ್ಮೊಮ್ಮೆ ತಪ್ಪು ಮಾಹಿತಿ ಕಳುಹಿಸಿಬಿಡುವುದುಂಟು. ವಾಟ್ಸಾಪ್‌ನಲ್ಲಿ ಸುಮಾರು ಎರಡು ದಿನಗಳವರೆಗೆ ಎಲ್ಲರಿಗೂ ಅಳಿಸುವ ಅವಕಾಶವಿದೆಯಾದರೂ, ಅಷ್ಟರಲ್ಲಿ ಬೇರೆಡೆಗೆ ಫಾರ್ವರ್ಡ್ ಆದ ಪ್ರತಿಗಳು ಹಾಗೆಯೇ ಉಳಿಯುತ್ತವೆ, ಓದಿದವರ ನೆನಪಿನಲ್ಲಿಯೂ ಉಳಿಯುತ್ತದೆ. ಹಾಗಾಗಿ ಸುಮ್ಮನೆ ಅಳಿಸಿ ಸುಮ್ಮನಾಗದೆ, ಅದೇ ಗುಂಪಿನಲ್ಲಿ, ಯಾವ ಅಂಶ ತಪ್ಪು, ಸರಿಯಾದುದು ಯಾವುದು, ಅದು ಎಲ್ಲಿ ಸಿಗುತ್ತದೆ ಎಂದು ಬರೆದು, ಮುಂದಕ್ಕೆ ಕಳುಹಿಸಿರುವವರು ಈ ತಿದ್ದುಪಡಿಯನ್ನೂ ಅಲ್ಲಿಗೆ ತಲುಪಿಸಬೇಕೆಂದು ಕೇಳಿಕೊಳ್ಳಿ.