ಪರದೆ ಹಿಗ್ಗಿದ್ದು ಯಾರ ಬಯಕೆಯಿಂದ?

ಪರದೆ ದೊಡ್ಡದಿದ್ದರೆ ಫೋನು ಹೆಚ್ಚು ಮಾರಾಟವಾಗುತ್ತದೆ ಎಂಬುದು ಮೊಬೈಲ್ ಉದ್ಯಮದ ಗಟ್ಟಿ ನಂಬಿಕೆ. ಆದರೆ ಒಂದೇ ಕೈಯಲ್ಲಿ ಬಳಸಬಲ್ಲ ಫೋನು ಸಿಗುತ್ತಿಲ್ಲ ಎಂಬ ಗೊಣಗಾಟವೂ ನಿಂತಿಲ್ಲ.

ಗುಂಡಿಗಳಿದ್ದ ಕಾಲದಲ್ಲಿ ಫೋನು ಕುಗ್ಗಿದಷ್ಟೂ ಅದಕ್ಕೆ ಮರ್ಯಾದೆ ಹೆಚ್ಚು. 2007ರ ಐಫೋನ್ 3.5 ಇಂಚಿನ ಪರದೆ ತಂದು ಆ ಲೆಕ್ಕವನ್ನೇ ತಲೆಕೆಳಗು ಮಾಡಿತು. ಕೈಗೆ ಹಿಡಿತಕ್ಕೆ ಸಿಗದಷ್ಟು ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲ ಎಂದು ಐಫೋನ್ ತಯಾರಿಸುವ ಆಪಲ್ ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ 2010ರಲ್ಲಿ ಹೇಳಿದ್ದರು. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ವಿಮರ್ಶಕರಲ್ಲಿ ಹಲವರು ನಕ್ಕರು, ಜನ ಕೊಂಡರು. ವರ್ಷ ತುಂಬುವ ಮೊದಲೇ ಮಾರಾಟ ಒಂದು ಕೋಟಿ ಮುಟ್ಟಿತೆಂದು ಕಂಪನಿ ಹೇಳಿಕೊಂಡಿತು.

2014ರಲ್ಲಿ ಈ ಎರಡು ಕಂಪನಿಗಳ ಪೇಟೆಂಟ್ ವ್ಯಾಜ್ಯ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ನಡೆದಾಗ ಆಪಲ್‌ನ ಆಂತರಿಕ ದಾಖಲೆಯೊಂದು ಹೊರಬಿತ್ತು. ಗ್ರಾಹಕರಿಗೆ ಬೇಕಾದದ್ದು ನಮ್ಮಲ್ಲಿಲ್ಲ ಎಂಬುದು ಅದರ ಒಕ್ಕಣೆ. ಮಾರುಕಟ್ಟೆ ಬೆಳೆಯುತ್ತಿದ್ದದ್ದು ದೊಡ್ಡ ಪರದೆಯ ದುಬಾರಿ ಫೋನುಗಳಲ್ಲಿ ಮತ್ತು 300 ಡಾಲರ್‌ಗಿಂತ ಅಗ್ಗದವುಗಳಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ 4.7 ಮತ್ತು 5.5 ಇಂಚಿನ ಐಫೋನ್‌ಗಳು ಬಂದವು. ವರ್ಷದ ಕೊನೆಯ ಮೂರು ತಿಂಗಳಲ್ಲಿ ಆಪಲ್ ಮಾರಿದ ಐಫೋನ್‌ಗಳು 7.45 ಕೋಟಿ. ವಾದ ಅಲ್ಲಿಗೇ ಮುಗಿಯಿತು ಎಂದು ಹೆಚ್ಚಿನವರು ತಿಳಿದರು.

ಮುಗಿದಿರಲಿಲ್ಲ. ದೊಡ್ಡ ಫೋನು ಕೊಂಡವರು ಪರದೆಯೊಂದನ್ನೇ ಕೊಂಡವರಲ್ಲ. ಆರಂಭದ 4ಜಿ ಚಿಪ್‌ಗಳು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತಿದ್ದವು; ದೊಡ್ಡ ಒಡಲಿನಲ್ಲಿ ದೊಡ್ಡ ಬ್ಯಾಟರಿಗೆ ಜಾಗವಿತ್ತು. ಕೈನಡುಕದಿಂದ ಚಿತ್ರ ಮಸುಕಾಗದಂತೆ ತಡೆಯುವ ಲೆನ್ಸ್ ವ್ಯವಸ್ಥೆ 5.5 ಇಂಚಿನ ಐಫೋನ್ 6 ಪ್ಲಸ್‌ನಲ್ಲಿತ್ತು, ಚಿಕ್ಕದರಲ್ಲಿ ಇರಲಿಲ್ಲ. 2016ರಲ್ಲಿ ಹಿಂಬದಿಯ ಎರಡನೇ ಕ್ಯಾಮೆರಾ ಸಿಕ್ಕಿದ್ದೂ 7 ಪ್ಲಸ್‌ಗೆ ಮಾತ್ರ. ಒಳ್ಳೆಯ ಕ್ಯಾಮೆರಾ ಬೇಕೆಂದವರು ದೊಡ್ಡ ಪರದೆಯನ್ನೂ ಹೊರಬೇಕಾಯಿತು. ಮಾರಾಟದ ಅಂಕಿಗಳಲ್ಲಿ ಅವರೆಲ್ಲ ದೊಡ್ಡ ಪರದೆಯ ಅಭಿಮಾನಿಗಳೇ.

ಇಂಚಿನ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅಳೆಯುವುದು ಮೂಲೆಯಿಂದ ಮೂಲೆಗೆ. 2017ರಲ್ಲಿ ಪರದೆಗಳು ಉದ್ದವಾಗಿ ಸಪೂರವಾದವು. ಐಫೋನ್ ಎಕ್ಸ್‌ನ 5.8 ಇಂಚು ಮತ್ತು ಹಳೆಯ ಪ್ಲಸ್‌ನ 5.5 ಇಂಚು, ಎರಡರ ವಿಸ್ತೀರ್ಣವೂ ಸುಮಾರು 13 ಚದರ ಇಂಚು.

ಚಿಕ್ಕದನ್ನೂ ಕೊಟ್ಟು ನೋಡಿದೆವು, ಕೊಳ್ಳುವವರಿಲ್ಲ ಎಂಬ ವಾದಕ್ಕೆ 2020ರ ಐಫೋನ್ 12 ಮಿನಿ ಆಧಾರ. 5.4 ಇಂಚಿನ ಆ ಫೋನಿಗೆ ಐಫೋನ್ 12ರ ಚಿಪ್, ಕ್ಯಾಮೆರಾ ಎರಡೂ ಇದ್ದವು. ಬ್ಯಾಟರಿಯ ಸಾಮರ್ಥ್ಯ ಮಾತ್ರ 2,815ರ ಬದಲು 2,227 ಎಂಎಎಚ್. ಸಂಜೆಯೊಳಗೆ ಚಾರ್ಜರ್ ಹುಡುಕಿಸುವ ಫೋನನ್ನು ಜನ ಒಲ್ಲೆ ಎಂದರೆ ಅದು ಗಾತ್ರಕ್ಕೆ ಬಿದ್ದ ತೀರ್ಪೇ?

2022ರ ಹೊಸ ಸಾಲಿನಲ್ಲಿ ಮಿನಿ ಇರಲಿಲ್ಲ. ಅದರ ಜಾಗಕ್ಕೆ 6.7 ಇಂಚಿನ 14 ಪ್ಲಸ್ ಬಂದಿತು: ಪರದೆ ದೊಡ್ಡದು, ಆದರೆ ದುಬಾರಿ ಪ್ರೊ ಮಾದರಿಗಳ ಕ್ಯಾಮೆರಾ ಇಲ್ಲ. ನಂಬಿಕೆ ನಿಜವಾಗಿದ್ದರೆ ಪ್ಲಸ್ ನೆಲೆಯೂರಬೇಕಿತ್ತು. 2025ರ ಸಾಲಿನಲ್ಲಿ ಅದೂ ಕಾಣಲಿಲ್ಲ. ಅಲ್ಲಿ ಬಂದ 6.5 ಇಂಚಿನ ಐಫೋನ್ ಏರ್ ತನ್ನ ತೆಳುವನ್ನು ಮುಂದಿಟ್ಟು ಗಿರಾಕಿಗಳನ್ನು ಕರೆಯಿತು.